ಮೊದಲು ಲೆನ್ಸ್, ಆಮೇಲೆ ಕ್ಯಾಮೆರಾ: ಪುಟ್ಟ ಮಿರರ್‌ಲೆಸ್ ಆರಿಸುವುದು, ಬಳಸುವುದು ಹೇಗೆ?

ಕ್ಯಾಮೆರಾ ಕೊಳ್ಳಲು ಹೊರಟವರು ಸಾಮಾನ್ಯವಾಗಿ ನನ್ನನ್ನು ಕೇಳುವುದು ಮೆಗಾಪಿಕ್ಸೆಲ್ ಲೆಕ್ಕ. ನಾನು ತಿರುಗಿ ಕೇಳುವುದು ಬೇರೆಯೇ: ದಿನಾ ಹೆಗಲಿಗೆ ಹಾಕಿಕೊಳ್ಳುವ ನಿಮ್ಮ ಚೀಲ ಎಷ್ಟು ದೊಡ್ಡದು? ಪ್ರಶ್ನೆ ವಿಚಿತ್ರ ಅನಿಸಬಹುದು. ಆದರೆ ನನ್ನ ಹಳೆಯ ಕ್ಯಾಮೆರಾ ಒಳ್ಳೆಯದಾಗಿದ್ದರೂ ವರ್ಷಗಟ್ಟಲೆ ಕಪಾಟಿನಲ್ಲೇ ಉಳಿಯಿತು, ಕಾರಣ ಅದರ ಭಾರ. ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ, ಬಂದ ಮೇಲೆ ಅದು ದಿನವೂ ನನ್ನ ಜೊತೆ ಹೊರಗೆ ಬರುತ್ತಿದೆ. ಚಿಕ್ಕದಾಗಿರುವುದೇ ಈ ಕ್ಯಾಮೆರಾಗಳ ದೊಡ್ಡ ಗುಣ. ಆರಿಸುವಾಗ ಆ ಗುಣವನ್ನು ಕಳೆದುಕೊಳ್ಳದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ.

ಕನ್ನಡಿ ಹೋಗಿ ಏನಾಯಿತು?

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಓರೆಯಾಗಿ ನಿಂತ ಒಂದು ಕನ್ನಡಿ ಇರುತ್ತದೆ. ಲೆನ್ಸ್‌ನಿಂದ ಬಂದ ಬೆಳಕನ್ನು ಅದು ಮೇಲಿನ ವ್ಯೂಫೈಂಡರ್‌ಗೆ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಗೆ, ಕಳಿಸುತ್ತದೆ. ಗುಂಡಿ ಒತ್ತಿದಾಗ ಟಕ್ ಅಂತ ಮೇಲೆದ್ದು ಸೆನ್ಸರ್‌ಗೆ (ಬೆಳಕನ್ನು ಚಿತ್ರವಾಗಿಸುವ ಫಲಕಕ್ಕೆ) ದಾರಿ ಬಿಡುತ್ತದೆ. ಆ ಕನ್ನಡಿ ಎದ್ದು ಇಳಿಯಲು ಜಾಗ ಬೇಕಲ್ವಾ? ಹಾಗಾಗಿ ಲೆನ್ಸ್ ಕೂರುವ ಉಂಗುರಕ್ಕೂ (ಇದೇ ಮೌಂಟ್) ಸೆನ್ಸರ್‌ಗೂ ನಡುವೆ ದೂರ ಇಡಬೇಕಾಗಿತ್ತು. ಕ್ಯಾನನ್‌ನ ಇಎಫ್ ಮೌಂಟ್‌ನಲ್ಲಿ ಆ ದೂರ 44 ಮಿ.ಮೀ., ನಿಕಾನ್ ಎಫ್‌ನಲ್ಲಿ 46.5 ಮಿ.ಮೀ.

2008ರಲ್ಲಿ ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಸೇರಿ ಮೈಕ್ರೋ ಫೋರ್ ಥರ್ಡ್ಸ್ ಎಂಬ ಕನ್ನಡಿಯಿಲ್ಲದ ಕ್ಯಾಮೆರಾ ಪದ್ಧತಿ ತಂದವು. ಅದೇ ವರ್ಷ ಪ್ಯಾನಾಸೋನಿಕ್ ಲೂಮಿಕ್ಸ್ ಜಿ1 ಬಂತು. ಕನ್ನಡಿ ತೆಗೆದಿದ್ದರಿಂದ ಆ ದೂರ 19.25 ಮಿ.ಮೀ.ಗೆ ಇಳಿಯಿತು. ಸೋನಿ ಇ ಮೌಂಟ್‌ನಲ್ಲಿ ಅದು 18, ಕ್ಯಾನನ್ ಆರ್‌ಎಫ್‌ನಲ್ಲಿ 20, ನಿಕಾನ್ ಝಡ್‌ನಲ್ಲಿ 16 ಮಿ.ಮೀ. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ತೆಳ್ಳಗಾಯಿತು. ಹಳೆಯ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಕೂರಿಸಲೂ ಜಾಗ ಸಿಕ್ಕಿತು. ಆ ವಿಷಯ ಕೊನೆಗೆ ಹೇಳುತ್ತೇನೆ.

ಹಂತ 1: ಸೆನ್ಸರ್ ಗಾತ್ರ ತೀರ್ಮಾನಿಸಿ

ಮುಖ್ಯವಾಗಿ ಮೂರು ಗಾತ್ರಗಳಿವೆ. ಮೈಕ್ರೋ ಫೋರ್ ಥರ್ಡ್ಸ್ 17.3 × 13 ಮಿ.ಮೀ. ಎಪಿಎಸ್-ಸಿ ಸುಮಾರು 23.5 × 15.6 ಮಿ.ಮೀ., ಕ್ಯಾನನ್‌ನದು ಇನ್ನೂ ಸ್ವಲ್ಪ ಚಿಕ್ಕದು. ಫುಲ್ ಫ್ರೇಮ್ 36 × 24 ಮಿ.ಮೀ. ಮೊದಲನೆಯದಕ್ಕಿಂತ ಕೊನೆಯದರ ವಿಸ್ತೀರ್ಣ ಹೆಚ್ಚುಕಡಿಮೆ ನಾಲ್ಕು ಪಟ್ಟು. ಅಪರ್ಚರ್ (ಎಫ್/1.8ರಂಥ ಸಂಖ್ಯೆಯಲ್ಲಿ ಹೇಳುವ ಲೆನ್ಸ್ ರಂಧ್ರದ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು), ಶಟರ್ ಸ್ಪೀಡ್ (ಸೆನ್ಸರ್ ಮೇಲೆ ಬೆಳಕು ಬೀಳುವ ಸಮಯ) ಎರಡೂ ಒಂದೇ ಇದ್ದರೆ ದೊಡ್ಡ ಸೆನ್ಸರ್‌ಗೆ ಸಿಗುವ ಒಟ್ಟು ಬೆಳಕೂ ಅಷ್ಟೇ ಜಾಸ್ತಿ. ಕತ್ತಲೆ ಕೋಣೆಯಲ್ಲಿ ತೆಗೆದ ಚಿತ್ರದಲ್ಲಿ ಕಾಳುಕಾಳಾದ ನಾಯ್ಸ್ ಕಡಿಮೆ ಇರುತ್ತದೆ.

ಹಾಗಾದರೆ ಎಲ್ಲರೂ ಫುಲ್ ಫ್ರೇಮ್ ತೆಗೆದುಕೊಂಡರಾಯಿತಲ್ಲ? ಇಲ್ಲೇ ಜನ ಎಡವುವುದು. ಫುಲ್ ಫ್ರೇಮ್ ಬಾಡಿಗಳು ಈಗ ಸಾಕಷ್ಟು ಚಿಕ್ಕದಾಗಿವೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಲೆನ್ಸ್ ಇಲ್ಲದೆ ಕೂತಾಗ ಮುದ್ದಾಗಿಯೇ ಕಾಣುತ್ತವೆ. ಆದರೆ ಅಷ್ಟು ದೊಡ್ಡ ಸೆನ್ಸರ್ ತುಂಬುವ ಒಳ್ಳೆಯ ಜೂಮ್ ಲೆನ್ಸ್ ಚಿಕ್ಕದಾಗುವುದು ಕಷ್ಟ. ಆದ್ದರಿಂದ ಅಳೆಯುವಾಗ ಬಾಡಿ ಒಂದನ್ನೇ ಅಳೆಯಬೇಡಿ. ನೀವು ದಿನಾ ಹಾಕುವ ಲೆನ್ಸ್ ಸಮೇತ ಕೈಗೆತ್ತಿಕೊಂಡು, ಅದೇ ಚೀಲಕ್ಕೆ ಇಳಿಸಿ ನೋಡಿ.

ಸದಾ ಜೊತೆಗಿರುವ ಕ್ಯಾಮೆರಾ ಬೇಕು ಅನ್ನುವವರಿಗೆ ಮೈಕ್ರೋ ಫೋರ್ ಥರ್ಡ್ಸ್, ಇಲ್ಲವೇ ಎಪಿಎಸ್-ಸಿ ಸಾಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ರಾತ್ರಿ ಕಾರ್ಯಕ್ರಮಗಳ ಫೋಟೊ ತೆಗೆಯುವುದೇ ಕೆಲಸ ಅನ್ನುವವರು ಮಾತ್ರ ಫುಲ್ ಫ್ರೇಮ್ ಭಾರ ಹೊರಲಿ. ಮೆಗಾಪಿಕ್ಸೆಲ್ ಚಿಂತೆ ಬಿಡಿ. 20 ಮೆಗಾಪಿಕ್ಸೆಲ್ ಚಿತ್ರವನ್ನು ಇಂಚಿಗೆ 300 ಚುಕ್ಕಿಗಳಂತೆ ಮುದ್ರಿಸಿದರೂ ಸುಮಾರು 17 ಇಂಚು ಅಗಲ, 13 ಇಂಚು ಎತ್ತರ ಬರುತ್ತದೆ. ಗೋಡೆಗೆ ತೂಗು ಹಾಕಲು ಧಾರಾಳವಾಯಿತು.

ಹಂತ 2: ನಿಮ್ಮ ಕಣ್ಣಿನ ದೂರ ಕಂಡುಕೊಳ್ಳಿ

ಲೆನ್ಸ್ ಮೇಲೆ ಬರೆದ ಮಿ.ಮೀ. ಸಂಖ್ಯೆ ಅದರ ಫೋಕಲ್ ಲೆಂತ್. ಅದು ಕಡಿಮೆ ಇದ್ದಷ್ಟೂ ಅಗಲವಾದ ನೋಟ, ಹೆಚ್ಚಿದ್ದಷ್ಟೂ ಹತ್ತಿರದ ನೋಟ. ಒಂದೇ ಸಂಖ್ಯೆ ಬೇರೆ ಬೇರೆ ಸೆನ್ಸರ್ ಮೇಲೆ ಬೇರೆ ಬೇರೆ ನೋಟ ಕೊಡುತ್ತದೆ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಎರಡರಿಂದ ಗುಣಿಸಿ, ಎಪಿಎಸ್-ಸಿಯಲ್ಲಿ ಒಂದೂವರೆಯಿಂದ (ಕ್ಯಾನನ್ ಆದರೆ 1.6). ಅಂದರೆ ಮೈಕ್ರೋ ಫೋರ್ ಥರ್ಡ್ಸ್‌ನ 25 ಮಿ.ಮೀ. ಲೆನ್ಸ್ ಫುಲ್ ಫ್ರೇಮ್‌ನ 50 ಮಿ.ಮೀ. ಹಾಗೆ ನೋಡುತ್ತದೆ. ಎಪಿಎಸ್-ಸಿಯಲ್ಲಿ ಆ ಜಾಗಕ್ಕೆ 33 ಅಥವಾ 35 ಮಿ.ಮೀ. ಬರುತ್ತದೆ.

ನಿಮಗೆ ಯಾವುದು ಬೇಕು ಅಂತ ತಿಳಿಯಲು ದುಡ್ಡು ಖರ್ಚು ಮಾಡಬೇಕಿಲ್ಲ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ ಫುಲ್ ಫ್ರೇಮ್ ಲೆಕ್ಕದಲ್ಲಿ 24ರಿಂದ 26 ಮಿ.ಮೀ. ಆಸುಪಾಸಿನ ನೋಟ ಕೊಡುತ್ತದೆ. ನಿಮ್ಮ ಇಷ್ಟದ ಐವತ್ತು ಫೋಟೊ ತೆಗೆದು ನೋಡಿ. ಹೆಚ್ಚಿನವು ಹಾಗೇ ತೆಗೆದಿರುವಂಥವೋ, ಅಥವಾ ಎರಡು ಬೆರಳಲ್ಲಿ ಹಿಗ್ಗಿಸಿ ಆಮೇಲೆ ತೆಗೆದಿರುವಂಥವೋ? ಎರಡು ಪಟ್ಟು ಹಿಗ್ಗಿಸುವುದೇ ಅಭ್ಯಾಸವಾಗಿದ್ದರೆ ನೀವು 50 ಮಿ.ಮೀ. ನೋಟದ ಕಡೆಯವರು. ಇನ್ನೂ ಹಿಂದೆ ಸರಿಯಬೇಕಿತ್ತು ಅಂತ ಪದೇ ಪದೇ ಅನಿಸಿದ್ದರೆ ಅಗಲ ನೋಟದವರು.

ಈಗಾಗಲೇ ಕಿಟ್ ಜೂಮ್ (ಕ್ಯಾಮೆರಾ ಜೊತೆಗೇ ಬರುವ ಜೂಮ್ ಲೆನ್ಸ್) ಇದ್ದರೆ ಇನ್ನೂ ಒಳ್ಳೆಯದು. ಜೂಮ್ ರಿಂಗ್ ಅನ್ನು ಒಂದು ಸಂಖ್ಯೆಗೆ ತಿರುಗಿಸಿ, ಅದರ ಮೇಲೆ ಒಂದು ತುಂಡು ಪೇಪರ್ ಟೇಪ್ ಅಂಟಿಸಿ. ಒಂದು ವಾರ ಅದೇ ಸಂಖ್ಯೆಯಲ್ಲಿ ತೆಗೆಯಿರಿ. ಮುಂದಿನ ವಾರ ಇನ್ನೊಂದು. ಎರಡು ದಿನ ಕೈ ಕಟ್ಟಿಹಾಕಿದ ಹಾಗಿರುತ್ತದೆ. ಮೂರನೆಯ ದಿನ ಕ್ಯಾಮೆರಾ ಎತ್ತುವ ಮೊದಲೇ ಎಲ್ಲಿ ನಿಲ್ಲಬೇಕು ಅಂತ ಕಾಲಿಗೆ ಗೊತ್ತಾಗಿರುತ್ತದೆ.

ಹಂತ 3: ಒಂದು ಪ್ರೈಮ್ ಲೆನ್ಸ್ ಆರಿಸಿ

ಜೂಮ್ ಆಗದ, ಒಂದೇ ಫೋಕಲ್ ಲೆಂತ್ ಇರುವ ಲೆನ್ಸ್‌ಗೆ ಪ್ರೈಮ್ ಅನ್ನುತ್ತಾರೆ. ಪುಟ್ಟ ಕ್ಯಾಮೆರಾಗೆ ಜೀವ ಬರುವುದು ಇದರಿಂದ. ಒಲಿಂಪಸ್‌ನ 45 ಮಿ.ಮೀ. ಎಫ್/1.8 ಲೆನ್ಸ್ ತೂಗುವುದು 116 ಗ್ರಾಂ. ಕಿಟ್ ಜೂಮ್ ಲೆನ್ಸ್‌ಗಳು ಪೂರ್ತಿ ಜೂಮ್ ಮಾಡಿದಾಗ ಸಾಮಾನ್ಯವಾಗಿ ಎಫ್/5.6ರಲ್ಲಿ ನಿಲ್ಲುತ್ತವೆ. ಎಫ್/1.8ಕ್ಕೂ ಎಫ್/5.6ಕ್ಕೂ ಬೆಳಕಿನಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯತ್ಯಾಸ. ಸೆನ್ಸರ್ ಚಿಕ್ಕದಾಗಿ ಕಳೆದುಕೊಂಡ ಬೆಳಕನ್ನು ಇಂಥ ಲೆನ್ಸ್ ಬಹುಮಟ್ಟಿಗೆ ವಾಪಸ್ ತಂದುಕೊಡುತ್ತದೆ. ಹೊಸ ಬಾಡಿಗೆ ಹಣ ಸುರಿಯುವ ಬದಲು ಹಿಂದಿನ ಮಾಡೆಲ್ ಬಾಡಿ ಕೊಂಡು, ಉಳಿದ ಹಣಕ್ಕೆ ಒಳ್ಳೆಯ ಪ್ರೈಮ್ ಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ಲೆನ್ಸ್ ಆರಿಸಿದರೆ ಮೌಂಟ್ ಆರಿಸಿದ ಹಾಗೆಯೇ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಪ್ಯಾನಾಸೋನಿಕ್ ಲೆನ್ಸ್ ಒಲಿಂಪಸ್ ಬಾಡಿಗೂ ಕೂರುತ್ತದೆ, ಒಲಿಂಪಸ್ ಲೆನ್ಸ್ ಪ್ಯಾನಾಸೋನಿಕ್ ಬಾಡಿಗೂ. ಒಲಿಂಪಸ್ ಕ್ಯಾಮೆರಾ ವಿಭಾಗ 2021ರಲ್ಲಿ ಬೇರೆ ಕಂಪನಿಯಾಯಿತು, ಹೊಸ ಕ್ಯಾಮೆರಾಗಳು ಈಗ ಓಎಂ ಸಿಸ್ಟಮ್ ಹೆಸರಲ್ಲಿ ಬರುತ್ತವೆ. ಹಳೆಯ ಲೆನ್ಸ್‌ಗಳು ಅವಕ್ಕೂ ನಡೆಯುತ್ತವೆ. ಸೋನಿ, ಫ್ಯೂಜಿಫಿಲ್ಮ್, ನಿಕಾನ್, ಕ್ಯಾನನ್‌ಗೆ ಅವರವರದೇ ಮೌಂಟ್. ಬಾಡಿ ಕೊಳ್ಳುವ ಮೊದಲು ಆ ಮೌಂಟ್‌ಗೆ ನಿಮಗೆ ಬೇಕಾದ ಚಿಕ್ಕ ಲೆನ್ಸ್ ಇದೆಯಾ ಅಂತ ನೋಡಲೇಬೇಕು.

ಹಂತ 4: ಕೈಗೆತ್ತಿಕೊಂಡು ನೋಡಿ

ತೀರಾ ಚಿಕ್ಕ ಬಾಡಿಗಳಲ್ಲಿ ವ್ಯೂಫೈಂಡರ್ ಇರುವುದಿಲ್ಲ. ಹಿಂದಿನ ಪರದೆ ನೋಡಿಯೇ ತೆಗೆಯಬೇಕು. ಸುಡುಬಿಸಿಲಲ್ಲಿ ಆ ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಹೊರಗೆ ತೆಗೆಯುವುದು ಜಾಸ್ತಿ ಎನ್ನುವವರು ವ್ಯೂಫೈಂಡರ್ ಇರುವುದನ್ನೇ ಕೊಳ್ಳಿ. ಕನ್ನಡಕ ಹಾಕುವವರು ಕನ್ನಡಕದ ಸಮೇತ ಕಣ್ಣಿಟ್ಟು, ನಾಲ್ಕೂ ಮೂಲೆ ಕಾಣುತ್ತದಾ ನೋಡಿ. ಪಕ್ಕದಲ್ಲಿರುವ ಪುಟ್ಟ ಚಕ್ರ ತಿರುಗಿಸಿದರೆ ಒಳಗಿನ ಅಕ್ಷರ ನಿಮ್ಮ ಕಣ್ಣಿಗೆ ಸ್ಪಷ್ಟವಾಗುತ್ತದೆ.

ಬಾಡಿಯೊಳಗೇ ನಡುಕ ತಡೆಯುವ ವ್ಯವಸ್ಥೆ ಇದ್ದರೆ ದೊಡ್ಡ ಅನುಕೂಲ, ಯಾವ ಲೆನ್ಸ್ ಹಾಕಿದರೂ ಕೆಲಸ ಮಾಡುತ್ತದೆ. ಆದರೆ ಅದು ತಡೆಯುವುದು ನಿಮ್ಮ ಕೈ ನಡುಕವನ್ನು. ಓಡುವ ಮಗುವನ್ನು ಅದು ನಿಲ್ಲಿಸುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಜೇಬಲ್ಲಿ ಒಂದು ಟಾರ್ಚ್ ಇರಲಿ. ಲೆನ್ಸ್‌ನ ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಯಂಥದ್ದು ಕಂಡರೆ ಅದು ಫಂಗಸ್, ಬೇಡವೇ ಬೇಡ. ಒಂದೆರಡು ಧೂಳಿನ ಕಣಕ್ಕೆ ಹೆದರಬೇಕಿಲ್ಲ. ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೊ ತೆಗೆದರೆ ಸೆನ್ಸರ್ ಮೇಲಿನ ಕಲೆಗಳೂ ಕಾಣುತ್ತವೆ.

ಹಂತ 5: ಮೊದಲ ದಿನದ ಸೆಟ್ಟಿಂಗ್

ಮೋಡ್ ಡಯಲ್ ಅನ್ನು ಎ ಅಕ್ಷರಕ್ಕೆ ತಿರುಗಿಸಿ. ಕ್ಯಾನನ್ ಆದರೆ ಎವಿ. ಅಪರ್ಚರ್ ನಿಮ್ಮ ಕೈಯಲ್ಲಿ, ಶಟರ್ ಸ್ಪೀಡ್ ಕ್ಯಾಮೆರಾ ಕೈಯಲ್ಲಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎನ್ನುವ ಮಟ್ಟ, ಆಟೋದಲ್ಲಿರಲಿ. ಅದರ ಮೇಲ್ಮಿತಿ ಮೈಕ್ರೋ ಫೋರ್ ಥರ್ಡ್ಸ್‌ಗೆ 3200, ಎಪಿಎಸ್-ಸಿಗೆ 6400 ಇಟ್ಟುಕೊಂಡು ಶುರು ಮಾಡಿ. ಮೆನುವಿನಲ್ಲಿ ಕನಿಷ್ಠ ಶಟರ್ ಸ್ಪೀಡ್ ಅಂತ ಸಿಕ್ಕರೆ 1/125 ಸೆಕೆಂಡ್ ಕೊಡಿ. ಫೈಲ್ ರಾ (ಕ್ಯಾಮೆರಾ ತಿದ್ದದ ಕಚ್ಚಾ ರೂಪ) ಮತ್ತು ಜೆಪೆಗ್ (ಸಿದ್ಧ ಚಿತ್ರ) ಎರಡೂ ಇರಲಿ. ಜೆಪೆಗ್ ತಕ್ಷಣಕ್ಕೆ, ರಾ ಮುಂದೊಂದು ದಿನ ನೀವು ಎಡಿಟಿಂಗ್ ಕಲಿತಾಗ.

ಈಗ ಒಂದು ಫೋಟೊ ತೆಗೆಯೋಣ. ಕಿಟಕಿ ಪಕ್ಕ ಕೂತು ಅಜ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದಾರೆ ಅಂದುಕೊಳ್ಳಿ. ಕ್ಯಾಮೆರಾದಲ್ಲಿ ಆ 45 ಮಿ.ಮೀ. ಲೆನ್ಸ್ ಇದೆ. ನೀವು ಒಂದು ಮೀಟರ್ ದೂರದಲ್ಲಿದ್ದೀರಿ. ಹಿನ್ನೆಲೆ ಮಸುಕಾಗಲಿ ಅಂತ ಎಫ್/1.8 ಇಟ್ಟಿರಿ. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಬರುವ ಪಟ್ಟಿಯ ದಪ್ಪ ಎರಡೂವರೆ ಸೆಂಟಿಮೀಟರ್ ಆಸುಪಾಸು, ಅಷ್ಟೇ. ಸೂಜಿ ಸ್ಪಷ್ಟವಾದರೆ ಕಣ್ಣು ಮಸುಕು, ಕಣ್ಣು ಸ್ಪಷ್ಟವಾದರೆ ಸೂಜಿ ಮಸುಕು. ಇಲ್ಲಿ ಕಥೆ ಇರುವುದು ಬೆರಳ ತುದಿಯಲ್ಲಿ. ಕ್ಯಾಮೆರಾಗೆ ಅದು ಗೊತ್ತಿಲ್ಲ, ಕಣ್ಣು ಹುಡುಕುವ ಫೋಕಸ್ ಆನ್ ಇದ್ದರೆ ಅದು ಮುಖಕ್ಕೇ ಓಡುತ್ತದೆ. ಅದನ್ನು ಆಫ್ ಮಾಡಿ. ಫೋಕಸ್ ಚೌಕವನ್ನು ಒಂದೇ ಬಿಂದುವಿಗೆ ಇಳಿಸಿ, ಬೆರಳ ಮೇಲೆ ಇಡಿ.

ಕಿಟಕಿಯ ಬೆಳಕು ಜೋರಾಗಿದ್ದರಿಂದ ಕ್ಯಾಮೆರಾ ಇಡೀ ಚಿತ್ರವನ್ನು ಕಪ್ಪಾಗಿಸಿರುತ್ತದೆ. ವ್ಯೂಫೈಂಡರ್‌ನಲ್ಲೇ ಅದು ಕಾಣುತ್ತಿದೆ. ಮಿರರ್‌ಲೆಸ್‌ನಲ್ಲಿ ನನಗೆ ತುಂಬಾ ಪ್ರೀತಿಯ ಸಂಗತಿ ಇದು, ಗುಂಡಿ ಒತ್ತುವ ಮೊದಲೇ ಚಿತ್ರ ಹೇಗೆ ಬರುತ್ತದೆ ಅಂತ ತೋರಿಸುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಶನ್ ಡಯಲ್ ಅನ್ನು +1ರ ಕಡೆ ನಿಧಾನವಾಗಿ ತಿರುಗಿಸಿ. ಮುಖದ ಸುಕ್ಕುಗಳು ಕಾಣಲು ಶುರುವಾದಾಗ ನಿಲ್ಲಿಸಿ. ಕಿಟಕಿಯ ಆಚೆ ಬೆಳ್ಳಗಾದರೆ ಆಗಲಿ. ಅಜ್ಜಿಯ ಕೈ ನಡುಗುತ್ತಿದ್ದರೆ ಮೆನುವಿನ ಕನಿಷ್ಠ ಶಟರ್ ಸ್ಪೀಡ್ ಅನ್ನು 1/250ಕ್ಕೆ ಏರಿಸಬೇಕು. ದಾರ ಸೂಜಿಯ ಕಣ್ಣಿಗೆ ತಾಕುವ ಗಳಿಗೆಗೆ ಕಾಯಿರಿ, ಮೂರು ನಾಲ್ಕು ಫೋಟೊ ತೆಗೆಯಿರಿ. ಮುಖವೂ ಸ್ವಲ್ಪ ಗುರುತು ಸಿಗಲಿ ಅನಿಸಿದರೆ ಎಫ್/4ಕ್ಕೆ ಹೋಗಿ, ಆ ಪಟ್ಟಿ ಸುಮಾರು ಆರು ಸೆಂಟಿಮೀಟರ್ ಆಗುತ್ತದೆ.

ಇನ್ನೆರಡು ಮಾತು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಮಲಗಿದ ಮಗುವಿನ ಮುಂದೆ ಚೆನ್ನ. ಆದರೆ ಎಲ್‌ಇಡಿ ದೀಪದ ಕೆಳಗೆ ಚಿತ್ರಕ್ಕೆ ಅಡ್ಡಪಟ್ಟೆ ಬರಬಹುದು, ವೇಗವಾಗಿ ಚಲಿಸುವ ವಸ್ತು ವಾಲಿದಂತೆ ಕಾಣಬಹುದು. ಆಗ ಮೆಕ್ಯಾನಿಕಲ್ ಶಟರ್‌ಗೆ ಬನ್ನಿ. ಎಲ್ಲವೂ ಸ್ಪಷ್ಟವಾಗಲಿ ಅಂತ ಎಫ್/16ಕ್ಕೆ ಹೋಗಬೇಡಿ. ಚಿಕ್ಕ ಸೆನ್ಸರ್‌ನಲ್ಲಿ ಅಷ್ಟು ಕಿರಿದಾದ ರಂಧ್ರದಿಂದ ಬೆಳಕು ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ನಾನು ಎಫ್/8 ದಾಟುವುದು ಅಪರೂಪ.

ಹಂತ 6: ಜೋಪಾನ

ಕನ್ನಡಿ ಇಲ್ಲದ್ದರಿಂದ ಲೆನ್ಸ್ ತೆಗೆದರೆ ಹೆಚ್ಚಿನ ಬಾಡಿಗಳಲ್ಲಿ ಸೆನ್ಸರ್ ಬಯಲಿಗೆ ಬೀಳುತ್ತದೆ. ಮೊದಲು ಕ್ಯಾಮೆರಾ ಆಫ್ ಮಾಡಿ. ಹಾಕಬೇಕಾದ ಲೆನ್ಸ್‌ನ ಹಿಂದಿನ ಮುಚ್ಚಳ ಸಡಿಲಿಸಿಟ್ಟುಕೊಳ್ಳಿ. ಬಾಡಿಯ ಬಾಯಿ ಕೆಳಮುಖವಾಗಿ ಹಿಡಿದು ಚಕಚಕ ಬದಲಾಯಿಸಿ. ಧೂಳು ಕಂಡರೆ ರಬ್ಬರ್ ಬ್ಲೋವರ್ ಒತ್ತಿ, ಬಾಯಿಂದ ಊದಬೇಡಿ. ಎಂಜಲ ಹನಿ ಸಿಡಿದರೆ ಧೂಳಿಗಿಂತ ದೊಡ್ಡ ಕೆಲಸ. ತೇವ ಇರುವ ಕಡೆ ಲೆನ್ಸ್‌ಗಳನ್ನು ಬಟ್ಟೆಯ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಪರದೆ ಸದಾ ಉರಿಯುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ, ಇನ್ನೊಂದು ಬ್ಯಾಟರಿ ಜೇಬಲ್ಲಿರಲಿ.

ಅಪ್ಪನ ಕಾಲದ ಲೆನ್ಸ್ ಇದೆಯಾ?

ಫಿಲ್ಮ್ ಕ್ಯಾಮೆರಾದ 50 ಮಿ.ಮೀ. ಲೆನ್ಸ್ ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ಎಸೆಯಬೇಡಿ. ಅದರ ಮೌಂಟ್ ಯಾವುದೆಂದು ನೋಡಿ ಸರಿಯಾದ ಅಡಾಪ್ಟರ್ ತನ್ನಿ. ಒಳಗೆ ಗಾಜಿಲ್ಲದ ಸಾದಾ ಲೋಹದ ಉಂಗುರ ಸಾಕು. ಮೈಕ್ರೋ ಫೋರ್ ಥರ್ಡ್ಸ್ ಮೇಲೆ ಅದು 100 ಮಿ.ಮೀ. ನೋಟ ಕೊಡುತ್ತದೆ, ಮುಖಗಳಿಗೆ ಹೇಳಿ ಮಾಡಿಸಿದ ಹಾಗೆ. ಲೆನ್ಸ್ ಹಾಕಿಯೂ ಗುಂಡಿ ಕೆಲಸ ಮಾಡದಿದ್ದರೆ ಗಾಬರಿಯಾಗಬೇಡಿ, ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಆನ್ ಮಾಡಿ. ನಡುಕ ತಡೆಯುವ ಸೆಟ್ಟಿಂಗ್‌ನಲ್ಲಿ ಫೋಕಲ್ ಲೆಂತ್ 50 ಅಂತ ತುಂಬಿ. ಗುಣಿಸಿದ 100 ಅಲ್ಲ, ಲೆನ್ಸ್ ಮೇಲೆ ಬರೆದಿರುವುದನ್ನೇ. ಆಮೇಲೆ ಫೋಕಸ್ ಪೀಕಿಂಗ್ ಆನ್ ಮಾಡಿ ರಿಂಗ್ ತಿರುಗಿಸಿದರೆ, ಸ್ಪಷ್ಟವಾದ ಅಂಚುಗಳಿಗೆ ಬಣ್ಣ ಹತ್ತುತ್ತದೆ. ಚಿತ್ರವನ್ನು ಹಿಗ್ಗಿಸಿ, ಕಣ್ರೆಪ್ಪೆಯ ಒಂದೊಂದು ಕೂದಲೂ ಬೇರೆಯಾಗಿ ಕಾಣುವವರೆಗೆ ತಿರುಗಿಸಿ, ಉಸಿರು ಬಿಟ್ಟು, ಗುಂಡಿ ಒತ್ತಿ.