ಶೇ 5 ಅಂದದ್ದು ಶೇ 2 ಆಗಿತ್ತು

ನಾನು ನ್ಯೂಜೆರ್ಸಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಊರು ಹಾಸನದ ಕಡೆ. ಇಲ್ಲಿ ನಮ್ಮ ಯೂನಿಯನ್ ಒಪ್ಪಂದ ಮೂರು ವರ್ಷಕ್ಕೊಮ್ಮೆ ಮುಗಿಯುತ್ತದೆ. ಕಳೆದ ಸಲ ಮಾತುಕತೆ ಶುರುವಾದಾಗ ಆಡಳಿತದವರು ಒಂದು ಹಾಳೆ ಹಂಚಿದರು. ಮೊದಲ ವರ್ಷವೇ ಶೇ 5 ಏರಿಕೆ ಅಂತ ಅದರಲ್ಲಿತ್ತು. ಬ್ರೇಕ್ ರೂಮಿನಲ್ಲಿ ಎಲ್ಲರಿಗೂ ಖುಷಿ. ನನಗೂ.

ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ರಿಟೈರ್ ಆದವಳು.

"ಅದರಲ್ಲಿ ನಿನ್ನ ಇನ್‌ಕ್ರಿಮೆಂಟೂ ಸೇರಿದೆಯೇನೇ?" ಅಂದಳು. "ಇನ್‌ಕ್ರಿಮೆಂಟ್ ಹೇಗೂ ಬರೋದು ಕಣೇ. ಪೇ ಕಮಿಷನ್ ಥರ ಎಷ್ಟು ಕೊಟ್ರು, ಅದನ್ನ ಹೇಳು."

ಹಾಳೆಯನ್ನು ಮತ್ತೆ ತೆಗೆದೆ. ನಮ್ಮ ವೇತನ ಸ್ಕೇಲ್ ಒಂದು ಚೌಕುಳಿ ಪಟ್ಟಿ. ಎಡಗಡೆ ಮೇಲಿಂದ ಕೆಳಕ್ಕೆ ಸ್ಟೆಪ್‌ಗಳು, ಅಂದರೆ ಸರ್ವಿಸ್ ವರ್ಷ. ತಲೆಸಾಲಿನಲ್ಲಿ ಒಪ್ಪಂದದ ವರ್ಷಗಳು. ಮನೆಗಳಲ್ಲಿ ಗಂಟೆಯ ಸಂಬಳ. ಒಂದು ಮನೆ ಕೆಳಗಿಳಿದರೆ ಅದು ಅಮ್ಮನ ಇನ್‌ಕ್ರಿಮೆಂಟ್. ಬಲಕ್ಕೆ ಹೋದರೆ ಪೇ ಕಮಿಷನ್.

ಗಂಟೆಗೆ 50 ಡಾಲರ್ ಅಂತಿಟ್ಟುಕೊಳ್ಳಿ. ಹಳೇ ಸ್ಕೇಲಿನಲ್ಲೇ ಮುಂದಿನ ಸ್ಟೆಪ್ 51.50. ಹಳೇ ಒಪ್ಪಂದದ ಪ್ರಕಾರವೇ ಅದು ಬರಬೇಕು. ಹೊಸ ಸ್ಕೇಲಿನಲ್ಲಿ ಅದೇ ಸ್ಟೆಪ್ 52.53. 50ರಿಂದ ಎಣಿಸಿದರೆ ಸುಮಾರು ಶೇ 5, ಆದರೆ ಹೇಗೂ ಬರಬೇಕಿದ್ದ 51.50ರ ಮೇಲೆ ಹೊಸದಾಗಿ ಕೊಟ್ಟಿದ್ದು ಬರೀ ಶೇ 2! ಸ್ಕೇಲಿನ ಕೊನೇ ಸ್ಟೆಪ್ ಮುಟ್ಟಿದ ಸೀನಿಯರ್‌ಗಳಿಗೆ ಇಳಿಯಲು ಮನೆಯೇ ಇಲ್ಲ. ಅವರಿಗೆ ಶೇ 5 ಸಿಗುವುದೇ ಇಲ್ಲ.

ಸಹಿ ಹಾಕಿದರೆ 2,000 ಡಾಲರ್ ಬೋನಸ್ ಅಂತಲೂ ಇತ್ತು. ನಮಗೆ ವಾರಕ್ಕೆ 36 ಗಂಟೆ ಡ್ಯೂಟಿ, ವರ್ಷಕ್ಕೆ 1,872 ಗಂಟೆ. ಗಂಟೆಗೆ ಒಂದೇ ಡಾಲರ್ ಜಾಸ್ತಿ ಸಿಕ್ಕರೂ ಮೂರು ವರ್ಷಕ್ಕೆ 5,616 ಡಾಲರ್. ಮುಂದಿನ ಏರಿಕೆಯೂ ಅದರ ಮೇಲೇ ಕೂರುತ್ತದೆ. ಬೋನಸ್ ಒಂದು ಸಲ ಬಂದು ಹೋಗುತ್ತದೆ, ಅದರಲ್ಲೂ ಟ್ಯಾಕ್ಸ್ ಹಿಡಿಯುತ್ತಾರೆ.

ಶೇಕಡಾ ಕೂಡುವಾಗಲೂ ನಾನು ಎಡವಿದ್ದೆ. 2023ರ ಜನವರಿಯಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್, ಮಾಂಟಿಫಿಯೋರ್ ಆಸ್ಪತ್ರೆಗಳ ಸುಮಾರು 7,000 ನರ್ಸ್‌ಗಳು ಮೂರು ದಿನ ಮುಷ್ಕರ ಮಾಡಿದರು. ಒಪ್ಪಂದದಲ್ಲಿ ಸಿಕ್ಕಿದ್ದು ವರ್ಷಕ್ಕೊಂದರಂತೆ ಶೇ 7, 6, 5. ಕೂಡಿದರೆ 18, ಸುದ್ದಿಯಲ್ಲಿ ಬಂದಿದ್ದು 19.1. ತಪ್ಪಲ್ಲ, ಚಕ್ರಬಡ್ಡಿ ಲೆಕ್ಕ ಅಷ್ಟೆ. ಹಾಗಾಗಿ ಎರಡು ಆಫರ್ ಹೋಲಿಸುವಾಗ ನಾನೀಗ ಶೇಕಡಾ ನೋಡುವುದೇ ಇಲ್ಲ. ಮೂರನೇ ವರ್ಷದ ಕೊನೆಗೆ ಸ್ಕೇಲ್ ಪಟ್ಟಿಯ ನನ್ನ ಮನೆಯಲ್ಲಿ ಎಷ್ಟು ಡಾಲರ್ ಇದೆ, ಅಷ್ಟೇ ನೋಡುತ್ತೇನೆ.

ಇದೆಲ್ಲ ಬರೆದು ಯೂನಿಯನ್ ಪ್ರತಿನಿಧಿಗೆ ತೋರಿಸಿದೆ. ಅವರು ಮೊದಲು ಕೇಳಿದ್ದೇ ಬೇರೆ. "ನೀವು ಈ ಸ್ಟೆಪ್‌ನಲ್ಲಿ ಯಾಕಿದ್ದೀರಿ?" ಬೆಂಗಳೂರಿನಲ್ಲಿ ಆರು ವರ್ಷ ಐಸಿಯುನಲ್ಲಿ ದುಡಿದಿದ್ದೆ. ಸೇರುವಾಗ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಮ್ಮ ಒಪ್ಪಂದದಲ್ಲಿ ಹೊರಗಿನ ಅನುಭವಕ್ಕೆ ಎರಡು ವರ್ಷಕ್ಕೊಂದು ಸ್ಟೆಪ್ ಅಂತ ಸ್ಪಷ್ಟವಾಗಿತ್ತು. ನಾನು ಓದಿರಲಿಲ್ಲ.

ಹಳೇ ಆಸ್ಪತ್ರೆಯಿಂದ ಅನುಭವ ಪತ್ರ ತರಿಸಲು ಮೂರು ತಿಂಗಳು ಹಿಡಿಯಿತು. ತಮ್ಮ ನಾಲ್ಕು ಸಲ ಅಲೆದ. ಮೂರು ಸ್ಟೆಪ್ ಸಿಕ್ಕಿತು, ಹಿಂದಿನ ವರ್ಷಗಳ ಬಾಕಿ ಸಿಗಲಿಲ್ಲ. ಅಮ್ಮನಿಗೆ ಹೇಳಿದೆ. "ಸರ್ವಿಸ್ ರಿಜಿಸ್ಟರ್ ವರ್ಷಕ್ಕೊಂದು ಸಲ ನೋಡ್ಕೋಬೇಕು ಅಂತ ಗೊತ್ತಿಲ್ವಾ ನಿಂಗೆ?" ಅಂತ ಬೈದಳು.