ಆಪ್ಟೋಮೆಟ್ರಿಗೆ ಅಪ್ಲೈ ಮಾಡೋ ಮಕ್ಕಳ ಗ್ಯಾಪ್ ಇಯರ್: ಜುಲೈಯಿಂದ ಹಿಂದಕ್ಕೆ ಎಣಿಸಿ

ನಾನು ದಾವಣಗೆರೆಯವಳು, ನ್ಯೂಜೆರ್ಸಿಯ ಒಂದು ಕಣ್ಣಿನ ಕ್ಲಿನಿಕ್‌ನಲ್ಲಿ 9 ವರ್ಷದಿಂದ ಟೆಕ್ನಿಷಿಯನ್ ಆಗಿದ್ದೀನಿ. ಪ್ರತಿ ಬೇಸಿಗೆಗೂ ಆಗ ತಾನೇ ಡಿಗ್ರಿ ಮುಗಿಸಿದ ಇಬ್ರೋ ಮೂವರೋ ಹುಡುಗ ಹುಡುಗೀರು ಬಂದು ಸೇರ್ಕೋತಾರೆ, ಮುಂದಿನ ವರ್ಷ ಆಪ್ಟೋಮೆಟ್ರಿ ಸ್ಕೂಲ್‌ಗೆ ಹೋಗ್ಬೇಕು ಅಂತ, ಅವರಿಗೆಲ್ಲ ಕೆಲಸ ಹೇಳಿಕೊಡೋದು ನಾನೇ. ಕನ್ನಡ ಕೂಟದಲ್ಲಿ ಸಿಕ್ಕಿದಾಗ ಅಪ್ಪ ಅಮ್ಮಂದಿರು ಕೇಳೋದು ಒಂದೇ, ಒಂದು ವರ್ಷ ಗ್ಯಾಪ್ ತಗೊಂಡ್ರೆ ಮಗು ಓದೋದನ್ನೇ ಬಿಟ್ಬಿಡಲ್ವಾ ಅಂತ. ಬಿಡಲ್ಲ. ಆದ್ರೆ ಆ ವರ್ಷ ಯಾವಾಗ ಶುರು ಆಗುತ್ತೆ ಅನ್ನೋದನ್ನ ತುಂಬಾ ಜನ ತಪ್ಪು ಲೆಕ್ಕ ಹಾಕ್ತಾರೆ, ಅದಕ್ಕೇ ಇದನ್ನ ಬರೀತಿದ್ದೀನಿ.

ಮೊದ್ಲು ಒಂದು ಗೊಂದಲ ಬಗೆಹರಿಸ್ತೀನಿ. ಊರಲ್ಲಿ ಬಿ.ಆಪ್ಟಮ್, ಅಂದ್ರೆ ಆಪ್ಟೋಮೆಟ್ರಿ ಡಿಗ್ರಿಗೆ, ಪಿಯುಸಿ ಆದ್ಮೇಲೆ ನೇರವಾಗಿ ಸೇರ್ಕೋತಾರೆ. ಅಮೆರಿಕದಲ್ಲಿ ಒ.ಡಿ. (ಡಾಕ್ಟರ್ ಆಫ್ ಆಪ್ಟೋಮೆಟ್ರಿ) ಅಂದ್ರೆ ಸಾಮಾನ್ಯವಾಗಿ ಡಿಗ್ರಿ ಆದ್ಮೇಲೆ ಮತ್ತೆ 4 ವರ್ಷ. ಒ.ಡಿ. ಮಾಡಿದವರು ಆಪರೇಷನ್ ಮಾಡೋ ಕಣ್ಣಿನ ಸರ್ಜನ್ ಅಲ್ಲ, ಕನ್ನಡಕ ಮಾಡಿಕೊಡೋ ಆಪ್ಟಿಷಿಯನ್ನೂ ಅಲ್ಲ. ಕಣ್ಣು ಪರೀಕ್ಷೆ ಮಾಡಿ ನಂಬರ್ ಕೊಡೋದು, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಆಗೋ ತೊಂದ್ರೆ ಹಿಡಿಯೋದು, ಔಷಧಿ ಬರೆಯೋದು, ಇದೆಲ್ಲ ಅವರ ಕೆಲಸ.

ಈಗ ಕ್ಯಾಲೆಂಡರ್. ಇಲ್ಲಿನ ಸ್ಕೂಲ್‌ಗಳಿಗೆ ಅಪ್ಲಿಕೇಶನ್ ಹೋಗೋದು ಆಪ್ಟಮ್‌ಕ್ಯಾಸ್ ಅನ್ನೋ ಒಂದೇ ಆನ್‌ಲೈನ್ ವ್ಯವಸ್ಥೆ ಮೂಲಕ, ಅದು ಜೂನ್ ಕೊನೆ ಜುಲೈ ಶುರು ಹೊತ್ತಿಗೆ ತೆರೆಯುತ್ತೆ. ಮಗು 2027ರ ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿ 2028ರ ಆಗಸ್ಟ್‌ಗೆ ಸೀಟು ಬೇಕು ಅಂದ್ರೆ ಅಪ್ಲಿಕೇಶನ್ 2027ರ ಜುಲೈನಲ್ಲೇ ಹೋಗ್ಬೇಕು, ಅಂದ್ರೆ ಗ್ರ್ಯಾಜುಯೇಷನ್ ಗೌನ್ ಬಿಚ್ಚಿಟ್ಟು ಎರಡು ತಿಂಗಳೂ ಆಗಿರಲ್ಲ! ಹೆಚ್ಚಿನ ಸ್ಕೂಲ್‌ಗಳು ಬಂದ ಅಪ್ಲಿಕೇಶನ್ ಬಂದ ಹಾಗೆ ನೋಡಿ, ಇಂಟರ್ವ್ಯೂ ಕರೆದು, ಸೀಟು ಕೊಡ್ತಾ ಹೋಗ್ತವೆ, ಕೊನೇ ದಿನಾಂಕದ ತನಕ ಕಾಯಲ್ಲ. ನನ್ನ ಅಕ್ಕನ ಮಗ ಮೇನಲ್ಲಿ ಡಿಗ್ರಿ ಮುಗಿಸಿ, ಸ್ವಲ್ಪ ಸುಧಾರಿಸ್ಕೊಂಡು, ಅಕ್ಟೋಬರ್‌ನಲ್ಲಿ ಒ.ಎ.ಟಿ. (ಆಪ್ಟೋಮೆಟ್ರಿ ಸ್ಕೂಲ್‌ನ ಪ್ರವೇಶ ಪರೀಕ್ಷೆ) ಬರೆದು ಡಿಸೆಂಬರ್‌ನಲ್ಲಿ ಅಪ್ಲೈ ಮಾಡ್ದ. ಮಾರ್ಕ್ಸ್ ಚೆನ್ನಾಗೇ ಇತ್ತು, ಆದ್ರೆ ವೇಟಿಂಗ್ ಲಿಸ್ಟ್‌ನಲ್ಲೇ ಉಳ್ಕೊಂಡ, ಒಂದು ವರ್ಷ ಇದ್ದ ಗ್ಯಾಪು ಎರಡಾಯ್ತು. ಆ ಹುಡುಗನ ಮುಖ ನೋಡೋಕೆ ಆಗ್ತಿರ್ಲಿಲ್ಲ.

ಅದಕ್ಕೇ ಜುಲೈ ಇಟ್ಕೊಂಡು ಹಿಂದಕ್ಕೆ ಎಣಿಸಿ ಅನ್ನೋದು. ಒ.ಎ.ಟಿ.ಗೆ, ಡಿಗ್ರಿಯ ಕೊನೇ ವರ್ಷದ ಚಳಿಗಾಲದ ರಜೆಯಲ್ಲಿ ಓದಿ ಮುಗಿಸಿದ್ರೆ ಒಳ್ಳೇದು, ಪರೀಕ್ಷೆ ತಡ ಅಂದ್ರೂ ಜೂನ್ ಒಳಗೆ ಬರೆದಿರ್ಬೇಕು. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಸೇರಿ 100 ಪ್ರಶ್ನೆಗೆ 90 ನಿಮಿಷ, ಆಮೇಲೆ ರೀಡಿಂಗ್, ಫಿಸಿಕ್ಸ್, ಗಣಿತ. ನಮ್ಮ ಕ್ಲಿನಿಕ್‌ಗೆ ಬರೋ ಮಕ್ಕಳು ಒದ್ದಾಡೋದು ಫಿಸಿಕ್ಸ್‌ನಲ್ಲಿ, ಯಾಕಂದ್ರೆ ಅದನ್ನ ಎರಡು ವರ್ಷ ಹಿಂದೆ ಓದಿ ಮರೆತಿರ್ತಾರೆ. ದಿನಾ ಒಂದು ಗಂಟೆ ಅದಕ್ಕೇ ಇಡಿ. ಕೆಲವು ಸ್ಕೂಲ್‌ಗಳು ಒ.ಎ.ಟಿ. ಬದಲು ಜಿ.ಆರ್.ಇ. ತಗೊಳ್ತವೆ, ನಿಮ್ಮ ಲಿಸ್ಟಿನಲ್ಲಿರೋ ಸ್ಕೂಲ್‌ಗಳದ್ದು ಒಂದೊಂದಾಗಿ ನೋಡಿ. ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ ಥರದ, ಸ್ಕೂಲ್‌ನವರು ಮೊದಲೇ ಓದಿರ್ಬೇಕು ಅನ್ನೋ ಕೋರ್ಸ್ ಬಾಕಿ ಇದ್ರೆ ಗ್ಯಾಪ್ ವರ್ಷದಲ್ಲಿ ಕಮ್ಯೂನಿಟಿ ಕಾಲೇಜಲ್ಲಿ ಮಾಡ್ಬಹುದು, ಆದ್ರೆ ಅಲ್ಲಿನ ಕ್ರೆಡಿಟ್ ನಡೆಯುತ್ತಾ ಅಂತ ಮೊದಲೇ ಈಮೇಲ್ ಹಾಕಿ ಉತ್ತರ ಇಟ್ಕೊಳ್ಳಿ. ಊರಲ್ಲಿ ಒಂದೆರಡು ವರ್ಷ ಕಾಲೇಜು ಓದಿ ಬಂದ ಮಕ್ಕಳಿಗೆ ಆ ಮಾರ್ಕ್ಸ್ ಕಾರ್ಡನ್ನ ಇಲ್ಲಿನ ಲೆಕ್ಕಕ್ಕೆ ಹೊಂದಿಸೋ ಇವ್ಯಾಲ್ಯುಯೇಷನ್ ಬೇಕಾಗುತ್ತೆ, ಯೂನಿವರ್ಸಿಟಿಯಿಂದ ಸೀಲ್ ಹಾಕಿದ ಕವರ್ ಬರೋಕೆ ತಿಂಗಳುಗಟ್ಟಲೆ ಹಿಡಿದಿದ್ದು ನಾನೇ ನೋಡಿದ್ದೀನಿ, ಅದನ್ನ ಜನವರಿಯಲ್ಲೇ ಶುರು ಮಾಡಿ.

ಕೆಲಸದ ವಿಷ್ಯ. ಬರೀ ಡಾಕ್ಟ್ರ ಹಿಂದೆ ನಿಂತು ನೋಡೋದಕ್ಕೂ ಕೈಯಾರೆ ಮಾಡೋದಕ್ಕೂ ಅಜಗಜಾಂತರ. ಟೆಕ್ನಿಷಿಯನ್ ಕೆಲಸಕ್ಕೆ ಮೊದಲೇ ಸರ್ಟಿಫಿಕೇಟ್ ಇರ್ಲೇಬೇಕು ಅಂತ ನಮ್ಮಂಥ ಕ್ಲಿನಿಕ್‌ಗಳು ಕೇಳಲ್ಲ, ಸೇರಿಸ್ಕೊಂಡು ಕಲಿಸ್ತೀವಿ. ಮೊದಲ ವಾರ ಕನ್ನಡಕದ ನಂಬರ್ ಅಳೆಯೋ ಲೆನ್ಸೋಮೀಟರ್ ಮುಂದೆ ಕೂರಿಸ್ತೀನಿ. ಪೇಷಂಟ್‌ನ ಹಳೇ ಕನ್ನಡಕ ಇಟ್ಟು, ಡ್ರಮ್ ತಿರುಗಿಸ್ತಾ, ಹಸಿರು ಗೆರೆಗಳು ಮಂಜುಮಂಜಾಗಿದ್ದವು ಯಾವಾಗ ಚೂಪಾಗ್ತವೆ ಅಂತ ನೋಡ್ಬೇಕು, ಸಿಲಿಂಡರ್, ಅಂದ್ರೆ ಒಂದೊಂದು ದಿಕ್ಕಿಗೆ ಒಂದೊಂದು ಪವರ್, ಇದ್ರೆ ಒಂದು ಕಡೆ ಗೆರೆ ಚೂಪಾದಾಗ ಇನ್ನೊಂದು ಕಡೆದು ಮಸುಕಾಗುತ್ತೆ. ಮೊದಲ ದಿನ ಒಂದು ಕನ್ನಡಕಕ್ಕೆ ಹತ್ತು ನಿಮಿಷ ಬೇಕು, ಮೂರನೇ ವಾರಕ್ಕೆ ಒಂದು ನಿಮಿಷ. ಸಿಲಿಂಡರ್ ಬೇಕಾಗೋ ಆಸ್ಟಿಗ್ಮ್ಯಾಟಿಸಂ ಅಂದ್ರೇನು ಅನ್ನೋದು ಪುಸ್ತಕದಲ್ಲಿ ಓದಿ ತಲೆಗೆ ಹೋಗದೇ ಇದ್ದವರಿಗೂ ಅಲ್ಲಿ ಅರ್ಥ ಆಗಿಬಿಡುತ್ತೆ.

ಕಳೆದ ವರ್ಷ ಒಬ್ಬ ಹುಡುಗಿ ಇದ್ಲು, ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಡವರಿಸ್ಕೊಂಡು ಮಾತಾಡ್ತಾಳೆ. ಹಾಸನ ಕಡೆಯಿಂದ ಮಗನ ಮನೆಗೆ ಬಂದಿದ್ದ ಅಜ್ಜಿ ಒಬ್ರು ಪರೀಕ್ಷೆಗೆ ಬಂದ್ರು, ಇಂಗ್ಲಿಷ್ ಅಕ್ಷರ ಬರಲ್ಲ, ಸಂಕೋಚಕ್ಕೆ ಸುಮ್ನೆ ಕೂತಿದ್ರು. ಈ ಹುಡುಗಿ ತಾನಾಗೇ ಇಂಗ್ಲಿಷ್‌ನ E ಅಕ್ಷರ ನಾಲ್ಕೂ ದಿಕ್ಕಿಗೆ ತಿರುಗಿಸಿರೋ ಚಾರ್ಟ್ ಹಾಕಿ, “ಅಜ್ಜಿ, ಇದರ ಬಾಯಿ ಯಾವ ಕಡೆ ತೆರೆದಿದೆ, ಕೈಯಲ್ಲಿ ತೋರ್ಸಿ” ಅಂದ್ಲು. ಅಜ್ಜಿ ನಕ್ಕು, ಸೆರಗು ಸರಿ ಮಾಡ್ಕೊಂಡು, ಸರಸರ ಕೈ ತೋರಿಸ್ತಾ ಹೋದ್ರು. ಅಪ್ಲಿಕೇಶನ್‌ನಲ್ಲಿ ತಾನ್ಯಾಕೆ ಈ ಓದಿಗೆ ಬರ್ತಿದ್ದೀನಿ ಅಂತ ಹುಡುಗಿ ಬರೆದ ಪರ್ಸನಲ್ ಸ್ಟೇಟ್‌ಮೆಂಟ್‌ನ ಮೊದಲ ಪ್ಯಾರಾ ಅದೇ ಆಯ್ತು. ಆ ಸ್ಟೇಟ್‌ಮೆಂಟ್‌ಗೆ ಜಾಗ ಇರೋದೇ 4,500 ಅಕ್ಷರ, ಸ್ಪೇಸ್ ಸೇರಿ, ಹಾಗಾಗಿ ಚಿಕ್ಕಂದಿನಿಂದ ಕಣ್ಣು ಅಂದ್ರೆ ಇಷ್ಟ ಅಂತ ಶುರು ಮಾಡ್ಬೇಡಿ, ನೀವೇ ಕಣ್ಣಾರೆ ಕಂಡ ಒಂದು ಗಳಿಗೆ ಹೇಳಿ. ಪೇಷಂಟ್ ಯಾರು ಅಂತ ಗುರುತು ಸಿಗೋ ಹಾಗೆ ಮಾತ್ರ ಬರೀಲೇಬಾರ್ದು.

ಆದ್ರೆ ಗಮನಿಸಿ, ಇಂಥದ್ದು ಅಪ್ಲಿಕೇಶನ್‌ನಲ್ಲಿ ಬರ್ಬೇಕು ಅಂದ್ರೆ ಅದು ಜುಲೈಗೆ ಮುಂಚೆ ಆಗಿರ್ಬೇಕು. ಸೆಪ್ಟೆಂಬರ್‌ನಲ್ಲಿ ಸೇರಿದ ಕೆಲಸ ಇಂಟರ್ವ್ಯೂನಲ್ಲಿ ಮಾತಾಡೋಕೆ ಆಗುತ್ತೆ ಅಷ್ಟೆ. ಅದಕ್ಕೆ ಅವಳು ಕೊನೇ ವರ್ಷದಲ್ಲೇ ಶನಿವಾರ ಶನಿವಾರ ಬಂದು ಕೆಲಸ ಮಾಡಿದ್ಲು, ಡಿಗ್ರಿ ಆದ್ಮೇಲೆ ಫುಲ್ ಟೈಮ್ ಆದ್ಲು. ಇದರಿಂದ ಇನ್ನೊಂದು ಲಾಭ, ರೆಕಮೆಂಡೇಶನ್ ಲೆಟರ್. ಬಹಳಷ್ಟು ಸ್ಕೂಲ್‌ಗಳಿಗೆ ಒಬ್ಬ ಆಪ್ಟೋಮೆಟ್ರಿಸ್ಟ್‌ದು ಬೇಕೇ ಬೇಕು, ಎರಡು ದಿನ ನೋಡಿದ ಡಾಕ್ಟ್ರು ಏನು ತಾನೆ ಬರೀತಾರೆ? ಮೇ ತಿಂಗಳಲ್ಲೇ ಕೇಳಿ, ಬೇಸಿಗೆ ರಜೆಗೆ ಅವರೂ ಹೊರಟುಬಿಡ್ತಾರೆ. ರಜೇಲಿ ಬೆಂಗಳೂರಿಗೋ ಮೈಸೂರಿಗೋ ಹೋದಾಗ ಅಲ್ಲಿನ ಕಣ್ಣಿನ ಆಸ್ಪತ್ರೇಲಿ ಕೂತು ನೋಡಿದ್ರೆ ಅದೂ ಒಳ್ಳೆ ಅನುಭವ, ಆದ್ರೆ ಇಲ್ಲಿನ ಡಾಕ್ಟ್ರ ಲೆಟರ್‌ಗೆ ಅದು ಬದಲಿ ಆಗಲ್ಲ.

ವೀಸಾ ಇರೋ ಮನೆಗಳು ಇದನ್ನ ಎರಡು ಸಲ ಓದಿ. ಎಚ್-4 (ಅಪ್ಪ ಅಮ್ಮನ ಕೆಲಸದ ವೀಸಾಗೆ ಸೇರಿಕೊಂಡ ವೀಸಾ) ಮೇಲಿರೋ ಮಗುವಿಗೆ 21 ತುಂಬಿದ ಮೇಲೆ ಆ ಸ್ಟೇಟಸ್ ಇರಲ್ಲ, ಹಾಗಾಗಿ ಡಿಗ್ರಿ ಮುಗಿಯೋ ಹೊತ್ತಿಗೆ ಸಾಮಾನ್ಯವಾಗಿ ಎಫ್-1 ವಿದ್ಯಾರ್ಥಿ ವೀಸಾ ಮೇಲೇ ಇರ್ತಾರೆ. ಎಫ್-1ನಲ್ಲಿ ಸುಮ್ನೆ ಗ್ಯಾಪ್ ಅಂತ ಇರೋಕೆ ಆಗಲ್ಲ, 12 ತಿಂಗಳ ಒ.ಪಿ.ಟಿ., ಅಂದ್ರೆ ಓದು ಮುಗಿದ ಮೇಲೆ ಕೆಲಸ ಮಾಡೋ ಅನುಮತಿ, ಬೇಕು. ಅದಕ್ಕೆ ಕೋರ್ಸ್ ಮುಗಿಯೋ 90 ದಿನ ಮುಂಚೆಯಿಂದ ಅಪ್ಲೈ ಮಾಡ್ಬಹುದು, ಕೆಲಸ ಓದಿದ ವಿಷಯಕ್ಕೆ ಸಂಬಂಧಪಟ್ಟಿರ್ಬೇಕು, ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸ ಇಲ್ದೆ ಇರಂಗಿಲ್ಲ. ಒ.ಪಿ.ಟಿ. ಮುಗಿಯೋದಕ್ಕೂ ಆಗಸ್ಟ್‌ಗೆ ಕ್ಲಾಸ್ ಶುರು ಆಗೋದಕ್ಕೂ ನಡುವೆ ಎಷ್ಟು ದಿನ ಬರುತ್ತೆ ಅಂತ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸ್‌ನಲ್ಲಿ ಕೂತು ತಾರೀಖು ಹಾಕಿ ನೋಡಿ.

ದುಡ್ಡಿನ ಬಗ್ಗೆ ಹೇಳೋದಾದ್ರೆ, ಹೆಲ್ತ್ ಇನ್ಶೂರೆನ್ಸ್ 26 ತುಂಬೋ ತನಕ ಅಪ್ಪ ಅಮ್ಮಂದಿರದ್ರಲ್ಲೇ ನಡೆಯುತ್ತೆ, ಚಿಂತೆ ಬೇಡ. ಡಿಗ್ರಿಗೆ ತಗೊಂಡ ಫೆಡರಲ್ ಸಾಲಕ್ಕೆ ಸಾಮಾನ್ಯವಾಗಿ 6 ತಿಂಗಳು ವಿನಾಯಿತಿ, ಆಮೇಲೆ ಕಂತು ಶುರು, ಮತ್ತೆ ಸ್ಕೂಲ್ ಸೇರಿದ್ರೆ ನಿಲ್ಲುತ್ತೆ, ಹಾಗಾಗಿ ಮಧ್ಯದ ಆ ಕಂತುಗಳಿಗೆ ಸಂಬಳದಲ್ಲಿ ತೆಗೆದಿಡಿ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ಒ.ಡಿ.ಗೆ ಸಿಗೋ ಫೆಡರಲ್ ಸಾಲವೂ 2026ರ ಜುಲೈ 1ರಿಂದ ಬದಲಾಗಿದೆ, ಹೊಸದಾಗಿ ಸೇರೋರಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಮಿಕ್ಕಿದ್ದು ಎಲ್ಲಿಂದ ತರೋದು ಅಂತ ಸ್ಕೂಲ್ ಲಿಸ್ಟ್ ಮಾಡುವಾಗ್ಲೇ ಮನೆಯವರೆಲ್ಲ ಕೂತು ಮಾತಾಡಿ.

ಇಂಟರ್ವ್ಯೂ ಕರೆ ಹೆಚ್ಚಾಗಿ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ಬರುತ್ತೆ. ದಸರಾ ದೀಪಾವಳಿಗೆ ಊರಿಗೆ ಟಿಕೆಟ್ ಮಾಡ್ಸೋಕೆ ಎಷ್ಟೇ ಆಸೆ ಇದ್ರೂ ಆ ವರ್ಷ ಬೇಡ. ಸೀಟು ಸಿಕ್ಕಿ ಡಿಪಾಸಿಟ್ ಕಟ್ಟಿದ ಮೇಲೆ ಫೆಬ್ರವರಿ ಮಾರ್ಚ್‌ನಲ್ಲಿ ಹೋಗಿ, ಒ.ಪಿ.ಟಿ. ಮೇಲಿದ್ರೆ ಮಾತ್ರ ಟಿಕೆಟ್‌ಗೆ ಮುಂಚೆ ಇಂಟರ್‌ನ್ಯಾಷನಲ್ ಆಫೀಸ್‌ನಲ್ಲಿ ಕೇಳ್ಕೊಳ್ಳಿ. ಹೋದಾಗ ಮಗು ಅಲ್ಲೇ ಹುಟ್ಟಿದ್ರೆ ಅಜ್ಜಿ ಮನೆ ಬೀರು ತೆಗ್ಸಿ ಹಳೇ ಲಸಿಕೆ ಕಾರ್ಡ್ ಹುಡುಕಿ ತನ್ನಿ, ಕ್ಲಿನಿಕ್‌ಗೆ ಬಿಡೋ ಮುಂಚೆ ಸ್ಕೂಲ್‌ನವರು ಹೆಪಟೈಟಿಸ್ ಬಿ, ದಡಾರ, ಸೀತಾಳೆ ಸಿಡುಬು ಎಲ್ಲದರ ದಾಖಲೆ ಕೇಳ್ತಾರೆ.