ಕೊಲೆಯ ದೃಶ್ಯವನ್ನು ನಾನು ಎಡಿಟ್ ಮಾಡಿದ ಬಗೆ

ಒಂದು ಕಿರುಚಿತ್ರದ ರಶಸ್, ಅಂದರೆ ಶೂಟ್ ಮಾಡಿದ ಕಚ್ಚಾ ತುಣುಕುಗಳು, ಎಡಿಟಿಂಗ್‌ಗೆ ಬಂದಾಗ ಎಲ್ಲಕ್ಕಿಂತ ಚಂದವಾಗಿದ್ದದ್ದು ಕೊಲೆಯ ದೃಶ್ಯ. ಮಲೆನಾಡಿನ ಅಡಿಕೆ ತೋಟ, ಬೆಳಗಿನ ಮಂಜು, ಮರಗಳ ಸಂದಿಯಲ್ಲಿ ಇಳಿಯುವ ಬಿಸಿಲು. ಅಲ್ಲಿ ಅಡಿಕೆ ಕೊನೆ ಕೊಯ್ಯುವ ಆಳೊಬ್ಬನನ್ನು ಹೊಡೆದು ಸಾಯಿಸುತ್ತಾರೆ. ಅದನ್ನು ಸೆಕೆಂಡಿಗೆ 48 ಫ್ರೇಮಿನಲ್ಲಿ ತೆಗೆದಿದ್ದರು. ಸಿನಿಮಾದ ಮಾಮೂಲಿ ವೇಗವಾದ 24ರಲ್ಲಿ ಓಡಿಸಿದರೆ ದೊಣ್ಣೆ ನಿಧಾನಕ್ಕೆ ಏಳುತ್ತದೆ, ನಿಧಾನಕ್ಕೆ ಇಳಿಯುತ್ತದೆ. ನಮ್ಮ ಕಣ್ಣು ಹೊಡೆಯುವವನ ತೋಳಿನ ಮೇಲೇ ನಿಲ್ಲುತ್ತದೆ. ಸಾಯುವವನು ಮರೆತೇ ಹೋಗುತ್ತಾನೆ.

ಹಾಗಂತ ಚಂದವನ್ನೆಲ್ಲ ಕಿತ್ತುಹಾಕುವುದೂ ಸರಿಯಲ್ಲ. ಆ ತೋಟ ಚಂದವೇ ಅಲ್ವಾ? ಅವನು ಬದುಕಿದ್ದು ಅಲ್ಲೇ. ಕಳೆದುಕೊಂಡದ್ದೂ ಅದನ್ನೇ.

ಒಂದು ಬಿಟ್ಟು ಒಂದು ಫ್ರೇಮ್ ತೆಗೆದೆ. ದೊಣ್ಣೆ ಮಾಮೂಲಿ ವೇಗಕ್ಕೆ ಬಂತು. 48ರಲ್ಲಿ ತೆಗೆದಾಗ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು ಕಡಿಮೆ, ಹಾಗಾಗಿ ಚಲನೆಯ ಮಸುಕೂ ಕಡಿಮೆ. ಏಟು ಒರಟಾಗಿ, ಕಿತ್ತುಕಿತ್ತು ಕಾಣಿಸಿತು. ನನಗೆ ಬೇಕಾದದ್ದು ಅದೇ. ಅದೂ ಒಂದೇ ಸಲ, ದೂರದ ಶಾಟ್‌ನಲ್ಲಿ. ಹತ್ತಿರದ ಶಾಟ್‌ಗಳನ್ನೆಲ್ಲ ಅದಕ್ಕೂ ಮುಂಚೆ ಅವನಿಗೇ ಕೊಟ್ಟೆ. ಮರ ಹತ್ತುವ ಪಾದ, ಹಗ್ಗ ಬಿಗಿಯುವ ಬೆರಳು, ಮೇಲಿಂದ ಕಾಣುವ ಬೆಟ್ಟ. ಮಂಜು, ಬಿಸಿಲು ಎಲ್ಲ ಅಲ್ಲಿಗೇ ಹೋಯಿತು.

ಸದ್ದಿನ ವಿಷಯಕ್ಕೆ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ 1985ರ ಸಿನಿಮಾ ‘ರಾನ್’ ನನಗೆ ದಾರಿ ತೋರಿಸಿತು. ಅದರಲ್ಲಿ ಕೋಟೆಗೆ ಮುತ್ತಿಗೆ ಹಾಕುವಾಗ ಕಿರುಚಾಟವಿಲ್ಲ, ಕುದುರೆ ಸದ್ದಿಲ್ಲ. ತೊರು ತಕೆಮಿತ್ಸು ಅವರ ಸಂಗೀತ ಮಾತ್ರ. ಬೆಂಕಿ, ಬಾಣ, ಬಣ್ಣಬಣ್ಣದ ಬಾವುಟ ಎಲ್ಲವೂ ಕಣ್ಣಿಗೆ ಚಂದ. ಆದರೆ ಆ ಸಂಗೀತ ಯಾರನ್ನೂ ಹುರಿದುಂಬಿಸುವುದಿಲ್ಲ, ಸಾಯುವವರಿಗಾಗಿ ಅಳುತ್ತದೆ. ಆಮೇಲೆ ಒಂದೇ ಗುಂಡು. ಕಥೆಯ ಮುದಿ ದೊರೆಯ ಹಿರಿಯ ಮಗ ಬೀಳುತ್ತಾನೆ, ಯುದ್ಧದ ಸದ್ದೆಲ್ಲ ಒಮ್ಮೆಲೇ ಕಿವಿಗೆ ಬಡಿಯುತ್ತದೆ. ಎಷ್ಟು ಸಲ ನೋಡಿದರೂ ನಾನು ಬೆಚ್ಚುತ್ತೇನೆ.

ನಮ್ಮದು ಸೈನ್ಯದ ಕಥೆಯಲ್ಲ, ಒಬ್ಬನ ಸಾವು. ಅಲ್ಲಿಯ ಸಂಗೀತವನ್ನು ಇಲ್ಲಿ ಅನುಕರಿಸಿದರೆ ಸುಮ್ನೆ ಆಡಂಬರವಾಗುತ್ತಿತ್ತು. ಅದಕ್ಕೆ ಸಂಗೀತವನ್ನು ಅವನು ಮರ ಹತ್ತುವಲ್ಲಿಗೇ ನಿಲ್ಲಿಸಿದೆ. ಏಟಿಗೆ ಇಟ್ಟದ್ದು ಅಡಿಕೆ ಹಾಳೆ ಕಳಚಿ ನೆಲಕ್ಕೆ ಬೀಳುವ ಸದ್ದು. ಚಿತ್ರದ ಶುರುವಿನಲ್ಲಿ ಅದನ್ನು ಆಗಲೇ ಕೇಳಿಸಿರುತ್ತೇವೆ. ಆಗ ಯಾರಿಗೂ ಏನೂ ಅನಿಸುವುದಿಲ್ಲ.

ಬಣ್ಣ ಸರಿಮಾಡುವಾಗ ರಕ್ತವನ್ನು ಕಂದು ಬಣ್ಣಕ್ಕೆ ಇಳಿಸಿದೆವು. ಹಸಿರಿನ ಮೇಲೆ ಅಚ್ಚ ಕೆಂಪು ಜಾಸ್ತಿ ಸೊಗಸಾಗಿ ಕಾಣುತ್ತಿತ್ತು.

ನಿರ್ದೇಶಕರು ನನ್ನ ಕಟ್ ಒಪ್ಪಿದರು. ಏಟು ಇನ್ನೂ ಸ್ವಲ್ಪ ಹೊತ್ತು ಕಾಣಬೇಕಿತ್ತು ಎಂದು ಅವರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.